ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ

ಅಕ್ಕನ ಮಗನಿಗೆ ಕಡಲೆಬೀಜ ಆಗಿಬರುವುದಿಲ್ಲ. ಬಿಸ್ಕತ್ ಪ್ಯಾಕೆಟ್ ತಿರುಗಿಸಿ, ಹಿಂದಿನ ಸಣ್ಣಕ್ಷರ ಪೂರ್ತಿ ಓದಿಯೇ ಅವಳು ಬುಟ್ಟಿಗೆ ಹಾಕುತ್ತಾಳೆ. ಗೋಧಿ, ಹಾಲು, ಸೋಯಾ ಲೆಸಿಥಿನ್. ಕೆಳಗೆ 'ಕಡಲೆಬೀಜದ ಅಂಶ ಇರಬಹುದು' ಅಂತ ಇನ್ನೊಂದು ಸಾಲು. ಒಂದೇ ಮೆಷಿನ್‌ನಲ್ಲಿ ನಾನಾ ಥರದ ತಿಂಡಿ ತಯಾರಾದರೆ ಹಾಗೇ ಆಗುತ್ತದೆ. ಮನೆಯ ಚಟ್ನಿಗೆ ಏನು ಹಾಕಿದ್ದೀರಿ ಅಂತ ಮಾಡಿದವರನ್ನೇ ಕೇಳಬಹುದು. ಇದನ್ನು ಯಾರನ್ನು ಕೇಳುವುದು?

ಮಕ್ಕಳ ಅಲರ್ಜಿಗೆಲ್ಲ ಪ್ಯಾಕೆಟ್ ತಿಂಡಿಯೇ ಕಾರಣ ಅನ್ನುವವರಿದ್ದಾರೆ. ಹಾಗಂತ ಎಲ್ಲವನ್ನೂ ಅದರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅಲರ್ಜಿಯ ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಬೇಡ ಅಂತ 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿತ್ತು. ಅಲರ್ಜಿ ಕಮ್ಮಿಯಾಗಲಿಲ್ಲ. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ ಅಂಥ 640 ಕೂಸುಗಳ ಅಧ್ಯಯನದ ಫಲಿತಾಂಶ ಪ್ರಕಟಿಸಿತು. ವರ್ಷ ತುಂಬುವ ಮೊದಲೇ ತಿನ್ನಲು ಶುರು ಮಾಡಿದವರಲ್ಲಿ, ತಿನ್ನದೆ ದೂರ ಇದ್ದವರಿಗಿಂತ, ಐದನೇ ವರ್ಷದ ಹೊತ್ತಿಗೆ ಕಡಲೆಬೀಜದ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ! ಒಳ್ಳೆಯದಕ್ಕೇ ಅಂತ ದೂರ ಇಟ್ಟಿದ್ದ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ. ಅವರ ತಪ್ಪೇನೂ ಇರಲಿಲ್ಲ, ಅಲ್ವಾ?

ಕೂಸಿಗೆ ಇಡೀ ಬೀಜ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಗಂಜಿಗೆ ಬೆರೆಸಿ. ಮೈಮೇಲೆ ಜೋರು ಇಸುಬು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಮತ್ತೆ ಬೇರೆಯವರ ಮಗುವಿಗೆ ಚಿಕ್ಕಿ ಕೊಡುವ ಮುಂಚೆ ಅವರಮ್ಮನನ್ನು ಒಂದು ಮಾತು ಕೇಳಿಬಿಡಿ.