ಕಲ್ಲಿನ ಸ್ಲೈಡ್: ಹೊಟ್ಟೆ ಉಬ್ಬರಕ್ಕೆ ಮದ್ದು ಸಿಕ್ಕಿತು

ಅಂತೂ ನೈಸ್ (gneiss, ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು) ಕಲ್ಲಿನ ಸ್ಲೈಡ್, ಅಂದರೆ ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಹರಳು ನೋಡುವ ಕಲ್ಲಿನ ಪದರ, ಒಂದು ದಾರಿಗೆ ಬಂತು. ಕತ್ತರಿಸಿದ್ದು, ಸ್ಲೈಡಿಗೆ ಎಪಾಕ್ಸಿ ಅಂಟಿನಲ್ಲಿ ಅಂಟಿಸಿದ್ದು, ಗಾಜಿನ ಹಲಗೆಯ ಮೇಲೆ 220ರ ಪುಡಿಯಲ್ಲಿ (ನಂಬರ್ ಹೆಚ್ಚಿದಷ್ಟೂ ಪುಡಿ ನಯ) ಉಜ್ಜಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಜೀವ ತಿಂದದ್ದು ಕೊನೆಯ ಹಂತ.

ಎರಡು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಒಂದಕ್ಕೊಂದು ಅಡ್ಡಡ್ಡ ಇಟ್ಟು, ನಡುವೆ ಸ್ಲೈಡ್ ಹಿಡಿದು ನೋಡಿದರೆ ಅಂಚಿನ ಕ್ವಾರ್ಟ್ಜ್ ಹರಳು ಬೂದು-ಬಿಳಿ, ಸ್ವಲ್ಪ ಒಳಗೆ ಹಳದಿ, ನಡುವೆ ಕೆನ್ನೇರಳೆ, ನೀಲಿ. ಹೋಳಿ ಹಬ್ಬ! ಆದರೆ ಕ್ವಾರ್ಟ್ಜ್ ಇಷ್ಟೆಲ್ಲ ಚಂದ ಕಾಣಬಾರದು. ಹರಳಿನೊಳಗೆ ಬೆಳಕು ಎರಡಾಗಿ ಬೇರೆ ಬೇರೆ ವೇಗದಲ್ಲಿ ಸಾಗುತ್ತದೆ; ಆ ವ್ಯತ್ಯಾಸದ ಅಳತೆಯೇ ಬೈರೆಫ್ರಿಂಜೆನ್ಸ್, ಕ್ವಾರ್ಟ್ಜ್‌ಗೆ ಅದು 0.009. ಅದನ್ನು ದಪ್ಪದಿಂದ ಗುಣಿಸಿದರೆ ಒಂದು ಬೆಳಕು ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿತ್ತು ಅಂತ ಗೊತ್ತಾಗುತ್ತದೆ, ಬಣ್ಣ ನಿಂತಿರುವುದು ಅದರ ಮೇಲೆ. ದಪ್ಪ ಸ್ಲೈಡಿಗೆ ಬೇಕಾದ 30 ಮೈಕ್ರಾನ್ (0.03 ಮಿ.ಮೀ.) ಇದ್ದರೆ 270 ನ್ಯಾನೊಮೀಟರ್, ಅಂದರೆ ಬಿಳಿ, ಜಾಸ್ತಿ ಅಂದ್ರೆ ತೆಳು ಹಳದಿ. ಕೆನ್ನೇರಳೆ ಬರುವುದು 540ರ ಆಸುಪಾಸು, ದಪ್ಪ ಎರಡರಷ್ಟಾದಾಗ. ಅಂದರೆ ಅಂಚಿನ ದಪ್ಪ ಸರಿ, ನಡುವೆ ಕಲ್ಲು ಉಬ್ಬಿ ಹೊಟ್ಟೆ ಬಂದಿದೆ. ಇನ್ನೂ ಉಜ್ಜಿದರೆ ಅಂಚೇ ಮಾಯ, ಹೊಟ್ಟೆ ಹಾಗೇ.

ಮೊದಲ ಅನುಮಾನ ಪುಡಿಯ ಮೇಲೆ. 1000 ಅಂತ ಚೀಟಿ ಅಂಟಿಸಿದ್ದ ಪೊಟ್ಟಣದಲ್ಲಿ ಬೆರಳಿಗೆ ತಾಗುವಷ್ಟು ದಪ್ಪ ಕಾಳುಗಳಿದ್ದವು. ಅಂಗಡಿಯವನನ್ನು ಕೇಳಿದರೆ "ಸರ್, ಎಲ್ಲಾ ಒಂದೇ ಮಾಲು" ಅಂತ ಉತ್ತರ. ಬೇರೆ ಕಡೆಯಿಂದ ತರಿಸಿದೆ. ಗೀರು ಹೋಯಿತು, ಹೊಟ್ಟೆ ಕರಗಲಿಲ್ಲ.

ಆಮೇಲೆ ಉಜ್ಜುವ ಗಾಜಿನ ಮೇಲೆ ಸ್ಟೀಲ್ ಸ್ಕೇಲನ್ನು ಅದರ ಅಂಚು ಗಾಜಿಗೆ ತಾಗುವಂತೆ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟೆ. ನಡುವೆ ಬೆಳಕು ನುಸುಳಿತು! ಕಲ್ಲಿನ ಜೊತೆ ಗಾಜೂ ಸವೆಯುತ್ತದೆ. ನಾವೆಲ್ಲ ಉಜ್ಜುವುದು ನಡುವೆಯೇ ಅಲ್ವಾ? ಗಾಜು ತಗ್ಗಾದಷ್ಟೂ ಕಲ್ಲು ಉಬ್ಬುತ್ತದೆ. ಗಾಜು ಮಗುಚಿ ಹಾಕಿದೆ. ಮೂಲೆ ಮೂಲೆಗೂ ಹೋಗುವಂತೆ ಎಂಟರ ಆಕಾರದಲ್ಲಿ, ಸ್ಲೈಡನ್ನು ಆಗಾಗ ತಿರುಗಿಸುತ್ತ ಉಜ್ಜಿದೆ. ಹೊಸ ಸ್ಲೈಡಿನಲ್ಲಿ ಕಲ್ಲಿನ ಸುತ್ತ ಅದೇ ಕಲ್ಲಿನ ಚೂರುಗಳನ್ನೂ ಅಂಟಿಸಿದ್ದೆ, ಅಂಚಿನ ಸವೆತ ಅವುಗಳ ಪಾಲಿಗಿರಲಿ ಅಂತ.

ಈಗ ಕ್ವಾರ್ಟ್ಜ್ ಎಲ್ಲ ಕಡೆ ಬೂದು-ಬಿಳಿ. ಮೈಕ್ರೊಕ್ಲೈನ್ ಎಂಬ ಖನಿಜದ ಚೌಕಳಿ ಎದ್ದು ಕಾಣುತ್ತಿದೆ. ಇದು ಚಪ್ಪಡಿ ಕೆಲಸದವರು ಬಿಸಾಡಿದ ಚೂರು. ಲಾಲ್‌ಬಾಗ್ ಬಂಡೆಯೂ ಇದೇ ಪೆನಿನ್ಸುಲಾರ್ ನೈಸ್ (ದಕ್ಷಿಣ ಭಾರತದ ಹಳೆಯ ನೈಸ್ ಕಲ್ಲು), ಸುಮಾರು 300 ಕೋಟಿ ವರ್ಷ ಹಳೆಯದು. ಆದರೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಗೆ ಹೋಗುವಾಗ ಸುತ್ತಿಗೆ ಮನೆಯಲ್ಲೇ ಇರಲಿ.

ಮುಂದಿನದು ವಿಜಯಪುರದ ಕಡೆಯ ಕಪ್ಪು ಬಸಾಲ್ಟ್. ಗೋಲಗುಂಬಜ್ ಕಟ್ಟಿದ್ದೂ ಅಂಥದ್ದರಲ್ಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಬೇಗ ಆರಿದ್ದರಿಂದ ಹರಳು ಬಲು ಸಣ್ಣ. ಕ್ವಾರ್ಟ್ಜ್ ಸಿಗುವುದು ಕಷ್ಟ, ಪ್ಲೇಜಿಯೊಕ್ಲೇಸ್ ಎಂಬ ಖನಿಜದ ಬಣ್ಣ ನೋಡಿಯೇ ದಪ್ಪ ಅಂದಾಜಿಸಬೇಕು. ಅದಕ್ಕೂ ಮೊದಲು ಉಜ್ಜಲು 10 ಮಿ.ಮೀ. ದಪ್ಪದ ಹೊಸ ಗಾಜು ಬೇಕು. ಒಂದಡಿ ತುಂಡು ಕೇಳಿದರೆ ಅಂಗಡಿಯವನು ಇಡೀ ಶೀಟ್ ತಗೊಳ್ಳಿ ಅಂತಾನೆ. ಪಾಲು ಹಾಕಿಕೊಳ್ಳುವವರು ಯಾರಾದರೂ ಇದ್ದೀರಾ?