ಐದೂವರೆ ಬಾಕ್ಸ್

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಾನು ಮಂಡಿ ರೈಟರು. ರೈತರು ತಂದಿಳಿಸಿದ ಟಮಾಟ ಬಾಕ್ಸ್ ಎಣಿಸಿಕೊಂಡು, ಹರಾಜಲ್ಲಿ ಕೂಗಿದ ರೇಟು ಬರೆದುಕೊಂಡು, ಕೊನೆಗೆ ಪಟ್ಟಿ ಹರಿದು ಕೈಗೆ ಕೊಡುವುದು ನನ್ನ ಕೆಲಸ. 19 ವರ್ಷದಿಂದ ಇದೇ. ಎದುರಿಗೆ ಟಮಾಟ, ಆಚೆ ಸಾಲಿನಲ್ಲಿ ಬೀನ್ಸು, ಕ್ಯಾರೆಟ್ಟು, ಎಲೆಕೋಸು, ಗೇಟಿನ ಹತ್ತಿರ ಸೊಪ್ಪಿನ ಕಂತೆ. ಇಷ್ಟರ ನಡುವೆ ಕೂತು ನಾನು ತಿನ್ನುತ್ತಿದ್ದುದೆಲ್ಲ ಪ್ಯಾಕೆಟ್ಟಿನದು, ಇಲ್ಲ ಬಾಣಲೆಯದು.

ಕಳೆದ ನವೆಂಬರಿನ ಒಂದು ಮಧ್ಯಾಹ್ನ ಮಾಲು ಕಮ್ಮಿ ಇತ್ತು. ಹಮಾಲಿ ಹುಡುಗರು ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಬ್ಬರಾದ ಮೇಲೊಬ್ಬರು ಹತ್ತಿ ತೂಕ ನೋಡಿಕೊಳ್ಳುತ್ತಿದ್ದರು. ನನ್ನನ್ನೂ ಎಳೆದು ಹತ್ತಿಸಿದರು. 83 ತೋರಿಸಿತು. ನಮ್ಮಲ್ಲಿ ಒಂದು ಬಾಕ್ಸ್ ಅಂದರೆ 15 ಕೆಜಿ. ಒಬ್ಬ ತಡವಿಲ್ಲದೆ ಲೆಕ್ಕ ಹಾಕಿ ಕೂಗಿದ: “ಅಣ್ಣ ಐದೂವರೆ ಬಾಕ್ಸು!” ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಗಬಾರದು, ಹೊಟ್ಟೆ ಇರುವವರು ಯಾರ್ಡಿನಲ್ಲಿ ನಾನೊಬ್ಬನೇ ಏನಲ್ಲ.

ಆ ವಾರವೇ ಹಲ್ಲು ಕೀಳಿಸಲು ಹೋಗಿದ್ದೆ. ಕೀಳುವ ಮೊದಲು ರಕ್ತ ಪರೀಕ್ಷೆ ಆಗಬೇಕು ಅಂದರು. ಹೋಗಿದ್ದು ಹಲ್ಲಿಗೆ, ಸಿಕ್ಕಿಬಿದ್ದಿದ್ದು ಸಕ್ಕರೆಗೆ. ಎಚ್‌ಬಿಎ1ಸಿ 6.2. ಅದು 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸಿಲ ಮೇಲೆ ನಿಂತಿದ್ದೀರಿ ಅಂತ ಅರ್ಥವಂತೆ. ನೋಡಿದ ಡಾಕ್ಟರಮ್ಮ ಬೈಯಲಿಲ್ಲ. “ಸಂಜೆ ಹೊತ್ತು ಏನ್ ತಿಂತೀರಿ?” ಅಂತ ಕೇಳಿದರು. ಹೇಳಿದೆ. “ಮಧ್ಯಾಹ್ನ?” “ಮಧ್ಯಾಹ್ನ ಟೈಮೇ ಸಿಗಲ್ಲ ಮೇಡಂ.” ಅವರು ಚೀಟಿ ಬರೆಯುತ್ತಲೇ, “ಹಾಗಾದ್ರೆ ಸಂಜೇದು ಬಿಡಿ ಅಂತ ನಾನು ಹೇಳಲ್ಲ. ಮಧ್ಯಾಹ್ನ ಊಟ ಮಾಡಿ” ಅಂದರು.

ಆ ಮಾತು ನನ್ನ ತಲೆಗೆ ಇಳಿಯಲು ಒಂದು ತಿಂಗಳು ಹಿಡಿಯಿತು.

ಅಲ್ಲಿಯವರೆಗಿನ ನನ್ನ ದಿನ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಕಾಫಿ, ಅದರ ಜೊತೆ ಬನ್ನು. ಮಾಲು ಇಳಿಯಲು ಶುರುವಾದರೆ ಟೀ ಮೇಲೆ ಟೀ, ಒಂದೊಂದು ಟೀಗೂ ಎರಡೆರಡು ಬಿಸ್ಕೆಟ್ಟು. ಹರಾಜು ಮುಗಿದು, ಪಟ್ಟಿ ಬರೆದು, ದುಡ್ಡಿನ ಲೆಕ್ಕ ಕೂಡಿಸಿ ತಲೆ ಎತ್ತುವಷ್ಟರಲ್ಲಿ ನಾಲ್ಕೂವರೆ. ಆಗ ಎರಡು ಬೋಂಡ, ಒಂದು ಪ್ಯಾಕೆಟ್ ಚಿಪ್ಸು. ಮನೆಗೆ ಹೋಗುವ ದಾರಿಯಲ್ಲಿ ಬಸ್ ಸ್ಟ್ಯಾಂಡ್ ಕಡೆ ಗೋಬಿ ಗಾಡಿ. ಮನೆಯಲ್ಲಿ ಹಸಿವಿಲ್ಲದಿದ್ದರೂ ಇವಳು ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಒಂದು ತಟ್ಟೆ ಅನ್ನ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗಂತೂ ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟ ಹಾಗಿರಲಿ, ನೀರು ಕುಡಿದ ನೆನಪಿಲ್ಲ. ಆಮೇಲೆ ರೇಟು ಬಿದ್ದುಹೋಯಿತು, ಟಮಾಟವನ್ನು ರಸ್ತೆ ಬದಿಗೆ ಸುರಿಯುವ ಕಾಲವೂ ಬಂತು. ನಾನು ಮಾತ್ರ ಊಟ ಬಿಟ್ಟವನು ಬಿಟ್ಟೇ ಇದ್ದೆ.

ಗೋಬಿ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಅಂತ ಆದೇಶ ಮಾಡಿತು. ಬಾಂಬೆ ಮಿಠಾಯಿಯಲ್ಲೂ ಗೋಬಿಯಲ್ಲೂ ಹಾಕಬಾರದ ಬಣ್ಣ ಸಿಕ್ಕಿತ್ತು. ಮಾರನೇ ವಾರ ನಮ್ಮ ಗಾಡಿಯವನ ಬಾಣಲೆಯಿಂದ ಎದ್ದ ಗೋಬಿ ಕೆಂಪಗಿರಲಿಲ್ಲ, ಒಣಗಿದ ಶುಂಠಿಯ ಬಣ್ಣಕ್ಕಿತ್ತು. ಆವತ್ತು ಮೊದಲ ಸಲ ಸರಿಯಾಗಿ ನೋಡಿದೆ: ಕಡಲೆಕಾಯಿ ಗಾತ್ರದ ಹೂಕೋಸು, ಅದರ ಸುತ್ತ ಹೆಬ್ಬೆರಳು ದಪ್ಪ ಮೈದಾ, ಕಾರ್ನ್‌ಫ್ಲೋರು. ಅದೇ ಯಾರ್ಡಿನಲ್ಲಿ ಹೂಕೋಸನ್ನು ಚೀಲದ ಲೆಕ್ಕದಲ್ಲಿ ಅಗ್ಗಕ್ಕೆ ಹೊಡೆದುಹಾಕುವುದನ್ನು ನೋಡುವ ನಾನು, ಒಂದು ಹೂವಿನ ನಾಲ್ಕು ಎಸಳಿಗೆ ಪ್ಲೇಟ್ ರೇಟು ಕೊಡುತ್ತಿದ್ದೆ. ಗೊತ್ತಾದ ಮೇಲೂ ಬಿಟ್ಟೆನಾ? ಇಲ್ಲ. ಹಸಿದವನಿಗೆ ಲೆಕ್ಕ ಹತ್ತುವುದಿಲ್ಲ.

ರಿಪೋರ್ಟು ಬಂದ ಭಾನುವಾರ ಅಂಗಡಿಗೆ ಹೋಗಿ ಆರೋಗ್ಯವನ್ನು ಬ್ಯಾಗು ತುಂಬ ತಂದೆ. ಓಟ್ಸು, ಎಣ್ಣೆಯಲ್ಲಿ ಕರಿಯದ ಚಿಪ್ಸು, ಹಸಿರು ಪ್ಯಾಕೆಟ್ಟಿನ ರಾಗಿ ಬಿಸ್ಕೆಟ್ಟು. ಓಟ್ಸನ್ನು ಇವಳು ಉಪ್ಪಿಟ್ಟಿನ ಹಾಗೆ ಒಗ್ಗರಣೆ ಹಾಕಿ ಮಾಡಿದಳು. ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಬಿಸ್ಕೆಟ್ ಚೆನ್ನಾಗೇ ಇತ್ತು, ಕೂತಲ್ಲೇ ಅರ್ಧ ಪ್ಯಾಕೆಟ್ ಮುಗಿಸಿದೆ. ಏಳನೇ ಕ್ಲಾಸಿನ ಮಗಳು ಪ್ಯಾಕೆಟ್ ತಿರುಗಿಸಿ ಹಿಂಭಾಗದ ಇರುವೆ ಸಾಲಿನಂಥ ಅಕ್ಷರ ಓದಿದಳು. “ಅಪ್ಪಾ, ಮೊದಲು ಬರೆದಿರೋದು ಮೈದಾ. ಆಮೇಲೆ ಸಕ್ಕರೆ. ಆಮೇಲೆ ಪಾಮ್ ಎಣ್ಣೆ. ರಾಗಿ ಅದರ ಕೆಳಗಿದೆ.” ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವ ನಿಯಮವಿದೆ ಅಂತ ಅವಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಎದುರಿಗೆ ರಾಗಿ ತೆನೆಯ ಚಿತ್ರ, ಬೆನ್ನಿಗೆ ಮೈದಾ. ಮೇಲಿನ ಸಾಲಲ್ಲಿ ಒಳ್ಳೆ ಹಣ್ಣು ಜೋಡಿಸಿ ಕೆಳಗೆ ಕೊಳೆತದ್ದು ತುಂಬಿದ ಬಾಕ್ಸನ್ನು ದಿನಾ ಹಿಡಿಯುವವನು ನಾನು. ಇದರಲ್ಲಿ ನಾನೇ ಯಾಮಾರಿದ್ದೆ.

ಹುಮ್ಮಸ್ಸಿಗೆ ಅವಳದೇ ನೂಡಲ್ಸ್ ಪ್ಯಾಕೆಟ್ಟನ್ನೂ ಓದಿಸಿದೆ. ಸೋಡಿಯಂ 900 ಮಿಲಿಗ್ರಾಂ ಚಿಲ್ಲರೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಒಂದು ಗ್ರಾಂ ಉಪ್ಪು, ಅಂದರೆ ಒಂದು ಬಟ್ಟಲಿನಲ್ಲಿ ಎರಡು ಗ್ರಾಂ ಮೇಲಾಯಿತು. ದಿನಕ್ಕೆ ಐದು ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ಗೆದ್ದೆ ಅಂದುಕೊಂಡೆ. ಅವಳು ಅಡುಗೆಮನೆ ಕಡೆ ತಿರುಗಿ, “ಅಜ್ಜೀ, ನಿನ್ನ ಉಪ್ಪುಸಾರಿಗೆ ಎಷ್ಟು ಉಪ್ಪು ಹಾಕ್ತೀಯ?” ಅಂತ ಕೂಗಿದಳು. ಅಮ್ಮ ಉತ್ತರ ಕೊಡಲಿಲ್ಲ. ಆದರೆ ಆಮೇಲಿಂದ ನಮ್ಮ ಸಾರು ಸ್ವಲ್ಪ ಸಪ್ಪೆಯಾಗಿದೆ, ಉಪ್ಪಿನಕಾಯಿ ಜಾಡಿ ಮೇಜಿನಿಂದ ಎದ್ದು ಅಟ್ಟಕ್ಕೆ ಹೋಗಿದೆ.

ಎರಡನೇ ಹುಮ್ಮಸ್ಸು ಮುದ್ದೆಯದು. ಕೋಲಾರದವನಿಗೆ ಹಿಟ್ಟಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿ ಮಾಡಿದ್ದನ್ನು ನಮ್ಮಪ್ಪ ಸ್ವಂತ ಬೀಗರ ಸಂಗತಿ ಹೇಳಿದಂತೆ ಹೇಳುತ್ತಿದ್ದರು. ಆ ಅಭಿಮಾನದಲ್ಲೇ ರಾತ್ರಿ ಅನ್ನ ಬಿಟ್ಟು, ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಇಳಿಸಿದೆ. ಹಿಟ್ಟಲ್ಲವಾ, ಏನಾಗುತ್ತದೆ! ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಬೆರಳು ಚುಚ್ಚಿ ನೋಡುವ ಮಿಷನ್ ಇತ್ತು. ಎರಡು ಗಂಟೆ ಬಿಟ್ಟು ನೋಡಿದರೆ 186. ಮೇಷ್ಟ್ರು ನಗುತ್ತಾ, “ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟಾನೇ ಅಲ್ವೇನಪ್ಪ. ನಾರಿದೆ, ಸುಣ್ಣ ಇದೆ, ಒಪ್ಪಿದೆ. ಅದಕ್ಕಂತ ಬೆಟ್ಟದಷ್ಟು ತಿಂತಾರಾ? ನಿಮ್ಮಪ್ಪ ಎರಡು ತಿಂತಿದ್ರು, ಗುದ್ದಲಿ ಹಿಡೀತಿದ್ರು. ನೀನು ಪೆನ್ನು ಹಿಡೀತೀಯ” ಅಂದರು. ಈಗ ನನ್ನದು ಕಿತ್ತಳೆ ಗಾತ್ರದ್ದು ಒಂದೇ ಮುದ್ದೆ. ಬದಲಿಗೆ ಪಕ್ಕದ ಸೊಪ್ಪು, ಕಾಳು ಎರಡರಷ್ಟಾಗಿದೆ.

ಇಷ್ಟೆಲ್ಲ ಆದರೂ ನಾಲ್ಕೂವರೆ ಮಾತ್ರ ಹಾಗೇ ಇತ್ತು. ರಾತ್ರಿ ಎಷ್ಟು ಸರಿಯಾಗಿ ಉಂಡರೂ ಮಾರನೇ ದಿನ ನಾಲ್ಕೂವರೆಗೆ ಕಾಲು ತಾನಾಗಿ ಬೋಂಡದ ಅಂಗಡಿಗೆ ನಡೆಯುತ್ತಿತ್ತು. ಡಾಕ್ಟರಮ್ಮನ ಮಾತು ಅರ್ಥವಾಗಿದ್ದು ಆಗ. ಬೆಳಗಿನ ಬನ್ನಿನಿಂದ ನಾಲ್ಕೂವರೆವರೆಗೆ ಖಾಲಿ ಹೊಟ್ಟೆಯಲ್ಲಿ ಕೂತು, ಆಮೇಲೆ ನಾಲಿಗೆಯನ್ನು ಬೈದರೆ ನಾಲಿಗೆ ಏನು ಮಾಡುತ್ತದೆ?

ಮುದ್ದೆಯನ್ನು ಡಬ್ಬಿಗೆ ಹಾಕಿ ಒಯ್ಯಲಾಗದು, ಆರಿದರೆ ಇಟ್ಟಿಗೆ. “ಅಂಬಲಿ ತಗೊಂಡೋಗು, ನಿಮ್ಮಪ್ಪ ಹೊಲಕ್ಕೆ ಅದನ್ನೇ ಒಯ್ತಿದ್ದಿದ್ದು” ಅಂದಳು ಅಮ್ಮ. ರಾತ್ರಿ ಎರಡು ಹಿಡಿ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡುತ್ತಾಳೆ. ಕುದಿಯುವ ನೀರಿಗೆ ಅದನ್ನು ಸುರಿಯುತ್ತಾ ಕೈ ಬಿಡದೆ ತಿರುಗಿಸುತ್ತಾಳೆ. ಮೊದಲು ಕೆಸರು ನೀರಿನ ಹಾಗಿರುತ್ತದೆ, ಆಮೇಲೆ ಬಣ್ಣ ಕಡುವಾಗುತ್ತಾ ಮೇಲೆ ಹೊಳಪು ಬರುತ್ತದೆ, ಗುಳ್ಳೆ ಲೊಪ್ ಲೊಪ್ ಅನ್ನುತ್ತದೆ. ಹಸಿ ವಾಸನೆ ಹೋಯಿತು ಅಂತ ಮೂಗಿಗೆ ಗೊತ್ತಾದ ಮೇಲೇ ಇಳಿಸುವುದು. ಮುಚ್ಚಿಟ್ಟರೆ ಬೆಳಿಗ್ಗೆಗೆ ಸಣ್ಣಗೆ ಹುಳಿ ಬಂದಿರುತ್ತದೆ. ಚಳಿಗಾಲದಲ್ಲಿ ಹುಳಿ ಏರುವುದು ನಿಧಾನ, ಅದಕ್ಕೆ ಪಾತ್ರೆಯನ್ನು ಒಲೆಯ ಪಕ್ಕವೇ ಬಿಡುತ್ತಾಳೆ. ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿ ಜಜ್ಜಿ ಹಾಕಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಹನ್ನೊಂದು ಗಂಟೆಗೆ ಎರಡು ಲೋಟ ಕುಡಿದರೆ ಟೀ, ಬಿಸ್ಕೆಟ್ಟು ನೆನಪಿಗೇ ಬರುವುದಿಲ್ಲ. ಎರಡು ಗಂಟೆಗೆ, ಹರಾಜು ನಡೆಯುತ್ತಿದ್ದರೂ ಸರಿ, ಡಬ್ಬಿ ಬಿಚ್ಚಲೇಬೇಕು ಅಂತ ಸಾಹುಕಾರರ ಹತ್ತಿರ ಹತ್ತು ನಿಮಿಷ ಕೇಳಿಕೊಂಡೆ. 19 ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. “ತಗೊಳ್ಳಯ್ಯ, ಯಾರು ಬೇಡ ಅಂದ್ರು?” ಅಂದರು.

ಡಬ್ಬಿಯಲ್ಲಿ ಹೆಚ್ಚಾಗಿ ಬಸ್ಸಾರಿನ ಪಲ್ಯ, ಸ್ವಲ್ಪ ಅನ್ನ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಸೊಪ್ಪನ್ನು ಯಾರ್ಡಿನಿಂದ ನಾನೇ ಒಯ್ಯುತ್ತೇನೆ. ನನ್ನ ಬ್ಯಾಗಿನಿಂದ ದಂಟಿನ ಸೊಪ್ಪಿನ ಕಂತೆ ಇಣುಕುವುದನ್ನು ಮೊದಲ ಸಲ ಕಂಡಾಗ ಇವಳು ಬಾಗಿಲಲ್ಲೇ ನಿಂತು, “ಏನ್ರೀ, ದಾರಿ ತಪ್ಪಿ ಬಂದ್ರಾ?” ಅಂದಳು.

ಎಡವಟ್ಟಾಗಲಿಲ್ಲ ಅಂತಲ್ಲ. ಎರಡನೇ ವಾರ ಅಂಬಲಿ ಬಾಟಲಿಯ ಮುಚ್ಚಳ ಸಡಿಲವಾಗಿ ಪಟ್ಟಿ ಪುಸ್ತಕದ ಮೇಲೆ ಚೆಲ್ಲಿತು. ಕಾರ್ಬನ್ ಹಾಳೆ, ನಕಲು ಎಲ್ಲ ಕೆಂಪು ಕೆಸರು. ಶ್ರೀನಿವಾಸಪುರದ ಕಡೆಯ ಒಬ್ಬ ರೈತರು ಒದ್ದೆ ಪಟ್ಟಿಯನ್ನು ಮೂಗಿಗೆ ಹಿಡಿದು, “ಏನ್ ಸ್ವಾಮಿ, ದುಡ್ಡಿನ ಜೊತೆ ಅಂಬಲೀನೂ ಬಟವಾಡೆ ಮಾಡ್ತಿದ್ದೀರಾ?” ಅಂದರು. ನಲವತ್ತು ಪಟ್ಟಿ ತಿರುಗಿ ಬರೆದು ಏಳುವಾಗ ಕತ್ತಲಾಗಿತ್ತು. ಆವತ್ತು ಗೋಬಿ ತಿಂದೆ, ಫುಲ್ ಪ್ಲೇಟು.

ಡಿಸೆಂಬರಿಗೆ ಅವರೆ ಬಂತು. ಸೊಗಡು ಇರುವ ಕಾಯಿಯ ಮೂಟೆ ಬಿಚ್ಚಿದರೆ ಆ ಅಂಟುಘಮ ಬೆರಳಿನಿಂದ ಎರಡು ದಿನ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಕುರುಕಲು ನಿಂತಿದ್ದಕ್ಕೆ ಅರ್ಧ ಕಾರಣ ಹಿತಕಿದ ಬೇಳೆ. ಬಿಡಿಸಿದ ಕಾಳು ನೀರಲ್ಲಿ ನೆನೆದು ಉಬ್ಬಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಮೆತ್ತಗೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಜೋರಾಗಿ ಒತ್ತಿದರೆ ಟೀವಿಗೆ ಹೋಗಿ ಬಡಿಯುತ್ತದೆ. ಸಂಜೆ ಏಳರಿಂದ ಎಂಟೂವರೆ, ನಾಲ್ಕು ಜನದ ಎಂಟು ಕೈಯೂ ಒದ್ದೆ. ಒದ್ದೆ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಹರಿಯಲಾಗುವುದಿಲ್ಲ! ಮಗಳು ಸೋತರೆ ಪಾತ್ರೆ ತೊಳೆಯುವ ಪಂದ್ಯ ಕಟ್ಟಿದಳು, ಅಜ್ಜಿಯ ಮುಂದೆ ದಿನಾ ಸೋತಳು.

ನಾಲ್ಕೂವರೆಗೆ ಈಗ ಬೇಯಿಸಿದ ಕಡಲೆಕಾಯಿ, ಹುರುಳಿಕಾಳಿನ ಉಸಲಿ, ಏನೂ ಇಲ್ಲದಿದ್ದರೆ ಸೌತೆಕಾಯಿಗೆ ಉಪ್ಪು ಹಾಕದೆ ಬರೀ ಖಾರ. ಹಮಾಲಿ ಹುಡುಗರು ಕೈ ಹಾಕುವುದರಿಂದ ಎರಡರಷ್ಟು ಒಯ್ಯಬೇಕು. ಗೋಬಿಯನ್ನು ಮಗಳ ಜೊತೆ ರಾಜಿಗೆ ತಂದಿದ್ದೇವೆ: ಎರಡನೇ ಶನಿವಾರ, ಹಾಫ್ ಪ್ಲೇಟು, ಇಬ್ಬರಿಗೆ. ಗಾಡಿಯವನಿಗೆ ಈ ಕರಾರು ಇಷ್ಟವಿಲ್ಲ. “ಏನಣ್ಣಾ, ನನ್ ಮೇಲೆ ಏನಾದ್ರೂ ಕೋಪನಾ?” ಅಂತ ಕೇಳಿದ. ಹೊಟ್ಟೆಪಾಡಿನ ಮನುಷ್ಯ, ಅವನಿಗೆ ಎಚ್‌ಬಿಎ1ಸಿ ಅಂತ ಏನು ವಿವರಿಸಲಿ? ಹಲ್ಲು ಕೀಳಿಸಿದ್ದೇನೆ, ಅಗಿಯಲು ಆಗುವುದಿಲ್ಲ ಅಂದೆ.

ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ರಕ್ತದ ಕೆಂಪು ಕಣ ಬದುಕುವುದು ಸುಮಾರು 120 ದಿನವಂತೆ, ಅದಕ್ಕೇ ಈ ಪರೀಕ್ಷೆಯಲ್ಲಿ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುವುದು. ಹಿಂದಿನ ದಿನ ಉಪವಾಸ ಮಾಡಿ ಮೋಸ ಮಾಡಲು ಬರುವುದಿಲ್ಲ. 5.9. ಹೊಸಿಲಿನಿಂದ ಇನ್ನೂ ಇಳಿದಿಲ್ಲ. ಡಾಕ್ಟರಮ್ಮ ಚೀಟಿಯಲ್ಲಿ ಮೇ ತಿಂಗಳ ತಾರೀಕು ಬರೆದರು.

ಆ ಮಧ್ಯಾಹ್ನ ತಕ್ಕಡಿ ಖಾಲಿ ಇತ್ತು. ಯಾರೂ ನೋಡುತ್ತಿಲ್ಲ ಅಂದುಕೊಂಡು ಚಪ್ಪಲಿ ಬಿಟ್ಟು ಹತ್ತಿದೆ. 78. ಹಿಂದಿನಿಂದ ಅದೇ ಹುಡುಗ ಬಗ್ಗಿ ನೋಡಿ, ಹರಾಜಿನವನ ದನಿಯಲ್ಲಿ ಇಡೀ ಮಂಡಿಗೆ ಕೇಳುವಂತೆ ಕೂಗಿದ: “ಅಣ್ಣನ ಮಾಲು ಕಮ್ಮಿ ಬಂದೈತೆ, ರೇಟು ಏರ್ತದೆ!”