ಬಲ ಬೂಟಿನ ಹೊರ ಅಂಚು

ಸಂಜೆಯ ಫುಟ್‌ಬಾಲ್ ಅಭ್ಯಾಸ ಮುಗಿಸಿ ನಾವು ಸಾಲಾಗಿ ಹೊರಟಾಗ ನಮ್ಮ ಪಿ.ಟಿ. ಮೇಷ್ಟ್ರು ಮೊದಲು ನೋಡುತ್ತಿದ್ದುದು ನನ್ನ ಕಾಲನ್ನು. ಬಲ ಬೂಟಿನ ಹೊರ ಅಂಚಿಗೆ ಸುಣ್ಣ ಮೆತ್ತಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಅಂಚು ಕಪ್ಪಗೇ ಇದ್ದರೆ, "ಇವತ್ತು ಎಲ್ಲಿಗೆ ಅಲೆಯಲು ಹೋಗಿದ್ದೆಯಪ್ಪಾ?" ಎಂದು ಕೇಳುತ್ತಿದ್ದರು. ಮೈದಾನದ ಬಲ ಅಂಚಿನುದ್ದಕ್ಕೂ ಎಳೆದ ಆ ಸುಣ್ಣದ ಗೆರೆಯೇ ನನ್ನ ಜಾಗ, ಅದನ್ನು ಬಿಟ್ಟು ಚೆಂಡಿನ ಹಿಂದೆ ಒಳಗೆ ನುಗ್ಗುವವನು ವಿಂಗರ್, ಅಂದರೆ ಅಂಚಿನಿಂದ ದಾಳಿ ಮಾಡುವ ಆಟಗಾರ, ಆಗಲಾರ ಎಂಬುದು ಅವರ ಖಚಿತ ನಿಲುವು.

ಶಾಲೆಯ ವಾರ್ಷಿಕ ಸಂಚಿಕೆಗೆ ನನ್ನ ಆಟದ ಬದುಕಿನ ಬಗ್ಗೆ ಬರೆಯಲು ಹೇಳಿದ್ದಾರೆ. 2001ರಿಂದ 2015ರವರೆಗೆ ಹದಿನಾಲ್ಕು ಋತು ನಾನು ಫುಟ್‌ಬಾಲನ್ನೇ ವೃತ್ತಿಯಾಗಿ ಆಡಿದೆ. ಮೂರು ಕ್ಲಬ್‌ಗಳು, ಒಂದೆರಡು ಕಪ್, ಅದಕ್ಕಿಂತ ಹೆಚ್ಚು ಸೋಲು. ಆ ಪಟ್ಟಿಯನ್ನು ಇಲ್ಲಿ ಕೊಡುವ ಆಸೆ ನನಗಿಲ್ಲ. 1994ರಲ್ಲಿ, ನಾನು ಎಂಟನೇ ತರಗತಿಯಲ್ಲಿದ್ದಾಗ, ಮೇಷ್ಟ್ರು ಈ ಮೈದಾನದಲ್ಲಿ ಕಲಿಸಿದ ಒಂದು ಪಾಠ ಕಂತುಕಂತಾಗಿ ಅರ್ಥವಾಗುತ್ತ ಹೋಗುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಅದನ್ನೇ ಬರೆಯುತ್ತೇನೆ.

ಆಗ ಶಾಲೆಯಲ್ಲಿ ನನ್ನಷ್ಟು ವೇಗವಾಗಿ ಓಡುವವರು ಇನ್ನೊಬ್ಬರಿರಲಿಲ್ಲ. ಬಲ ಬದಿಯಲ್ಲಿ ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದರೆ ಹಿಡಿಯುವವರೇ ಇಲ್ಲ. ಮೇಷ್ಟ್ರಿಗೆ ಆ ಓಟ ಕಂಡರೆ ಸಂತೋಷವೇನೂ ಆಗುತ್ತಿರಲಿಲ್ಲ. ಇಡೀ ಒಂದು ತಿಂಗಳು ಅವರು ನನಗೆ ಕ್ರಾಸ್ ಹೊಡೆಯಲು, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸಲು, ಬಿಡಲಿಲ್ಲ, ಗೋಲಿಗೆ ಒದೆಯಲು ಬಿಡಲಿಲ್ಲ. ನಿಲ್ಲುವುದನ್ನು ಕಲಿಸಿದರು. ಚೆಂಡಿನೊಂದಿಗೆ ಇದ್ದಬದ್ದ ವೇಗದಲ್ಲಿ ಗೆರೆಯ ಪಕ್ಕದಲ್ಲೇ ಓಡಬೇಕು, ಸೀಟಿ ಕೇಳಿದ ಕೂಡಲೇ ಎರಡೇ ಹೆಜ್ಜೆಯಲ್ಲಿ ನಿಲ್ಲಬೇಕು. ನಾನು ನಿಲ್ಲುತ್ತಿದ್ದೆ, ಚೆಂಡು ಮಾತ್ರ ನಾಲ್ಕು ಮಾರು ಮುಂದೆ ಉರುಳಿರುತ್ತಿತ್ತು. "ನೀನು ನಿಂತೆ, ಚೆಂಡು ನಿಂತಿತೇ?" ಎನ್ನುತ್ತಿದ್ದರು. ಮತ್ತೆ ಮೊದಲಿನಿಂದ.

ಅವರು ಮಂಡಿಯೂರಿ ಕುಳಿತು ನನ್ನ ಪಾದದ ಪಕ್ಕದಲ್ಲಿ ಗೇಣು ಹಾಕಿ ಅಳೆಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಲಗಾಲಿನ ಕಿರುಬೆರಳಿನಿಂದ ಚೆಂಡು ಒಂದು ಗೇಣಿನೊಳಗೆ ಇರಬೇಕು. ಸೊಂಟ ತಗ್ಗಬೇಕು. ಕೊನೆಯ ಎರಡು ಹೆಜ್ಜೆಗಳಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಭಾರವೆಲ್ಲ ಹಿಮ್ಮಡಿಯ ಮೇಲೆ ಬಿದ್ದರೆ ಮತ್ತೆ ಹೊರಡಲು ತಡವಾಗುತ್ತದೆ, ಆದ್ದರಿಂದ ಅದು ಮುಂಗಾಲಿಗೆ ಬರಬೇಕು. ಇಷ್ಟೆಲ್ಲ ಯಾಕೆ ಎಂದು ಒಂದು ದಿನ ತಡೆಯಲಾರದೆ ಕೇಳಿದೆ. "ಓಡುವವನನ್ನು ಅವನಿಗಿಂತ ಜೋರಾಗಿ ಓಡಿ ಹಿಡಿಯಬಹುದು. ನಿಂತವನನ್ನು ಹೇಗೆ ಹಿಡಿಯುತ್ತೀಯೆ?" ಎಂದರು. ಫುಲ್‌ಬ್ಯಾಕ್, ಅಂದರೆ ನನ್ನ ಬದಿಯನ್ನು ಕಾಯುವ ಎದುರಾಳಿ ರಕ್ಷಕ, ನನ್ನ ಜೊತೆ ಅಡ್ಡಡ್ಡ ಓಡುತ್ತಿರುತ್ತಾನೆ. ನಾನು ನಿಂತಾಗ ಅವನಿಗೆ ಇನ್ನೊಂದು ಹೆಜ್ಜೆ ಬೇಕೇ ಬೇಕು. ಆ ಹೆಜ್ಜೆ ಗಾಳಿಯಲ್ಲಿರುವಾಗ ಅವನು ಯಾವ ಕಡೆಗೂ ತಿರುಗಲಾರ. ವಿಂಗರ್‌ಗೆ ಸಿಗುವ ಅವಕಾಶ ಅಷ್ಟೇ.

ಮಳೆ ಬಂದ ದಿನ ಆಟದ ಸಾಮಾನುಗಳ ಕೋಣೆಯಲ್ಲಿ ಕುಳ್ಳಿರಿಸಿಕೊಂಡು ಕಥೆ ಹೇಳುತ್ತಿದ್ದರು. ನಮಗೆ ಗ್ಯಾರಿಂಚ, ಸ್ಟ್ಯಾನ್ಲಿ ಮ್ಯಾಥ್ಯೂಸ್ ಪರಿಚಯವಾದದ್ದು ಅಲ್ಲಿಯೇ. ಬ್ರೆಜಿಲ್‌ನ ಗ್ಯಾರಿಂಚನ ಕಾಲುಗಳು ಹುಟ್ಟಿನಿಂದಲೇ ಸೊಟ್ಟ, ಒಂದು ಇನ್ನೊಂದಕ್ಕಿಂತ ಗಿಡ್ಡ. ಆ ಕಾಲುಗಳಲ್ಲೇ 1958 ಮತ್ತು 1962ರ ಎರಡು ವಿಶ್ವಕಪ್ ಗೆದ್ದವನು ಆತ. 1962ರಲ್ಲಿ ಎರಡನೇ ಪಂದ್ಯಕ್ಕೇ ಪೆಲೆ ಗಾಯಗೊಂಡು ಹೊರಗುಳಿದ. ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಎರಡು ಗೋಲು, ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿಯ ವಿರುದ್ಧ ಎರಡು ಗೋಲು ಗ್ಯಾರಿಂಚನವು. ಅವನೂ ಪೆಲೆಯೂ ಜೊತೆಯಾಗಿ ಆಡಿದ ಒಂದೇ ಒಂದು ಪಂದ್ಯವನ್ನೂ ಬ್ರೆಜಿಲ್ ಸೋಲಲಿಲ್ಲ. ಮೇಷ್ಟ್ರು ಒತ್ತಿ ಹೇಳುತ್ತಿದ್ದುದು ಇನ್ನೊಂದು ಮಾತನ್ನು. ಅವನು ಎಡಕ್ಕೆ ಬಾಗಿ ಬಲಕ್ಕೆ ಹೋಗುತ್ತಾನೆಂದು ಎದುರಿನವನಿಗೆ ಗೊತ್ತು, ನೋಡುತ್ತಿದ್ದ ಸಾವಿರಾರು ಜನಕ್ಕೂ ಗೊತ್ತು. ಗೊತ್ತಿದ್ದೂ ತಡೆಯಲು ಆಗುತ್ತಿರಲಿಲ್ಲ, ಏಕೆಂದರೆ ಯಾವಾಗ ಹೋಗುತ್ತಾನೆಂಬುದು ಗೊತ್ತಿರಲಿಲ್ಲ. ಚೆಂಡಿನ ಮುಂದೆ ನಿಂತೇ ಇರುತ್ತಿದ್ದ. ಅದೇ ಗ್ಯಾರಿಂಚ 1983ರಲ್ಲಿ, 49ನೇ ವಯಸ್ಸಿಗೇ ತೀರಿಕೊಂಡ ಎಂದು ಹೇಳುವಾಗ ಮೇಷ್ಟ್ರ ದನಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ.

ಮ್ಯಾಥ್ಯೂಸ್ ಕಥೆಯನ್ನು ಮಾತ್ರ ಉತ್ಸಾಹದಿಂದ ಹೇಳುತ್ತಿದ್ದರು. 1953ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಫೈನಲ್. ಬೋಲ್ಟನ್ ವಿರುದ್ಧ 1–3ರಿಂದ ಹಿಂದೆ ಬಿದ್ದಿದ್ದ ಬ್ಲ್ಯಾಕ್‌ಪೂಲ್ 4–3ರಿಂದ ಗೆದ್ದಿತು. ಮೂರು ಗೋಲು ಸ್ಟ್ಯಾನ್ ಮಾರ್ಟೆನ್ಸನ್‌ನದು, ಕೊನೆಯ ಗೋಲು ಬಿಲ್ ಪೆರ್ರಿಯದು. ಜನ ಆ ಪಂದ್ಯವನ್ನು ಕರೆಯುವುದು ಮಾತ್ರ ಮ್ಯಾಥ್ಯೂಸ್ ಫೈನಲ್ ಎಂದು. ಒಂದೂ ಗೋಲು ಹೊಡೆಯದ, 38 ವರ್ಷದ, ಬಲ ಬದಿಯ ವಿಂಗರ್‌ನ ಹೆಸರು ಆ ಪಂದ್ಯಕ್ಕೆ ಅಂಟಿಕೊಂಡಿತು. ಅವನು ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಲ್ಲಿ ಕೊನೆಯ ಪಂದ್ಯ ಆಡಿದ್ದು 1965ರ ಫೆಬ್ರುವರಿಯಲ್ಲಿ, 50 ವರ್ಷ ತುಂಬಿ ಐದು ದಿನಕ್ಕೆ. ನಮಗೆ ಆ ಸಂಖ್ಯೆಯನ್ನು ನಂಬುವುದೇ ಕಷ್ಟವಾಗಿತ್ತು. ನಮ್ಮ ಕಣ್ಣಿಗೆ ಐವತ್ತು ಎಂದರೆ ಮುದಿತನ.

ನನ್ನ ಮೊದಲ ವೃತ್ತಿಪರ ಪಂದ್ಯಕ್ಕೆ ಬರುತ್ತೇನೆ. ಇಪ್ಪತ್ತರ ಹರೆಯ. ಬದಲಿ ಆಟಗಾರನಾಗಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿದೆ. ಮೊದಲ ಚೆಂಡು ಸಿಕ್ಕ ಕೂಡಲೇ ಶಾಲೆಯಲ್ಲಿ ಓಡಿದಂತೆಯೇ ಓಡಿದೆ. ಎದುರಿನ ಫುಲ್‌ಬ್ಯಾಕ್ ನನ್ನ ಕಾಲಿಗೆ ಕಾಲು ಹಾಕುವ ಗೋಜಿಗೇ ಹೋಗಲಿಲ್ಲ. ಪಕ್ಕದಲ್ಲೇ ಓಡಿಬಂದು, ಭುಜದಿಂದ ಮೆಲ್ಲಗೆ ಒತ್ತುತ್ತ, ದನವನ್ನು ದೊಡ್ಡಿಗೆ ಹೊಡೆದುಕೊಂಡು ಹೋಗುವವನಂತೆ ನನ್ನನ್ನು ಗೆರೆಯಾಚೆ ಸಾಗಹಾಕಿದ. ಎರಡನೇ ಸಲವೂ ಹಾಗೆಯೇ. ಆ ಮಟ್ಟದಲ್ಲಿ ಎಲ್ಲರೂ ವೇಗಿಗಳೇ. ಊರಿಗೊಬ್ಬನೇ ಓಟಗಾರನಾಗಿ ಬೆಳೆದವನಿಗೆ ಅದು ಗೊತ್ತಾಗುವುದು ಹೀಗೆ, ಒಂದೇ ಸಂಜೆಯಲ್ಲಿ. ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರ ಸೀಟಿಯ ಸದ್ದು ಕಿವಿಯಲ್ಲಿತ್ತು.

ಹೊರಗಿನವರಿಗೆ ತಿಳಿಯದ ಒಂದು ವಿಷಯವಿದೆ. ಆಟಗಾರನೊಬ್ಬ ಪಂದ್ಯವೊಂದರಲ್ಲಿ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುತ್ತಾನೆ, ಆದರೆ ತೊಂಬತ್ತು ನಿಮಿಷಗಳಲ್ಲಿ ಚೆಂಡು ಅವನ ಕಾಲಲ್ಲಿರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ವಿಂಗರ್‌ನ ಪಾಲಿಗೆ ಆ ಕಾಯುವಿಕೆ ಇನ್ನೂ ಕಠಿಣ, ಏಕೆಂದರೆ ಅವನು ಅಂಚಿನಲ್ಲಿ ಒಂಟಿ. ಅವನ ಬೆನ್ನ ಹಿಂದೆ ಗೆರೆ, ಗೆರೆಯಾಚೆ ಪ್ರೇಕ್ಷಕರು. ಅವರ ಹೊಗಳಿಕೆಯೂ ಬೈಗುಳವೂ ಪದಪದವಾಗಿ ಕೇಳಿಸುತ್ತದೆ. ಚೆಂಡು ಬಾರದೆ ಹತ್ತು ನಿಮಿಷ ಕಳೆದರೆ ಮನಸ್ಸು ಒಳಕ್ಕೆ ಎಳೆಯುತ್ತದೆ. ಹೋಗಿಬಿಟ್ಟರೆ ಎದುರಾಳಿಯ ರಕ್ಷಣೆ ಮುಷ್ಟಿಯಂತೆ ಮುಚ್ಚಿಕೊಳ್ಳುತ್ತದೆ. ಬರೀ ಅಂಚಿನಲ್ಲಿ ನಿಂತಿರುವುದರಿಂದಲೇ ವಿಂಗರ್ ಆ ಮುಷ್ಟಿಯನ್ನು ಬಿಚ್ಚಿಸಿ ಹಿಡಿದಿರುತ್ತಾನೆ. ಚೆಂಡು ಮುಟ್ಟದೆಯೂ ಅವನು ದುಡಿಯುತ್ತಿರುತ್ತಾನೆ. ಬೂಟಿನ ಅಂಚಿನ ಸುಣ್ಣವನ್ನು ಮೇಷ್ಟ್ರು ಯಾಕೆ ನೋಡುತ್ತಿದ್ದರೆಂಬುದು ಎರಡನೇ ಋತುವಿನಲ್ಲಿ ನನಗೆ ಅರ್ಥವಾಯಿತು. ಆ ಋತುವಿನಲ್ಲೇ ನಾನು ಮತ್ತೆ ನಿಲ್ಲಲು ಆರಂಭಿಸಿದೆ. ನಿಂತು, ಫುಲ್‌ಬ್ಯಾಕ್‌ನ ಆ ಒಂದು ಹೆಜ್ಜೆ ಗಾಳಿಗೆ ಏಳುವವರೆಗೆ ಕಾದು, ಆಮೇಲೆ ಗೋಲ್ ಗೆರೆಯವರೆಗೆ ಹೋಗಿ ಚೆಂಡನ್ನು ಹಿಂದಕ್ಕೆ ಕೊಡುವುದು. ಎತ್ತರದ ಕ್ರಾಸ್‌ಗಿಂತ ಈ ಹಿಂದಕ್ಕೆ ಕೊಡುವ ಪಾಸ್ ನನಗೆ ಇಂದಿಗೂ ಪ್ರಿಯ. ರಕ್ಷಕರೆಲ್ಲ ತಮ್ಮ ಗೋಲಿನ ಕಡೆಗೆ ಮುಖಮಾಡಿ ಓಡುತ್ತಿರುತ್ತಾರೆ, ಚೆಂಡು ಅವರ ಬೆನ್ನ ಹಿಂದೆ ನಮ್ಮವನ ಕಾಲಿಗೆ ಹೋಗುತ್ತದೆ. ಮ್ಯಾಥ್ಯೂಸ್ ಪೆರ್ರಿಗೆ ಕೊಟ್ಟಿದ್ದೂ ಅಂಥದೇ ಪಾಸ್.

ಒಂದು ವಿಷಯದಲ್ಲಿ ಮೇಷ್ಟ್ರ ಮಾತನ್ನು ನಾನು ಮೀರಬೇಕಾಯಿತು. 2009ರಲ್ಲಿ ಹೊಸ ತರಬೇತುದಾರರು ಬಂದು, ಬಲಗಾಲಿನವನಾದ ನನ್ನನ್ನು ಎಡ ಬದಿಗೆ ಹಾಕಿದರು. ಕಾಲವೇ ಹಾಗೆ ಬದಲಾಗುತ್ತಿತ್ತು. ಅದೇ ವರ್ಷ ಬಾಯರ್ನ್ ಮ್ಯೂನಿಕ್ ಸೇರಿದ ಎಡಗಾಲಿನ ಅರ್ಯೆನ್ ರಾಬೆನ್ ಬಲ ಬದಿಯಲ್ಲಿ, ಬಲಗಾಲಿನ ಫ್ರಾಂಕ್ ರಿಬೆರಿ ಎಡ ಬದಿಯಲ್ಲಿ ಆಡಿ, ಒಳಕ್ಕೆ ಕತ್ತರಿಸಿ ಗೋಲಿಗೆ ಹೊಡೆಯುವುದನ್ನು ಜಗತ್ತೆಲ್ಲ ನೋಡಿತು. ಬದಿ ಬದಲಾದ ಮೊದಲ ವಾರಗಳಲ್ಲಿ ನನಗೆ ಕನ್ನಡಿಯೊಳಗೆ ಆಡಿದಂತೆ ಆಗುತ್ತಿತ್ತು. ಗೆರೆ ಎಡಗೈ ಕಡೆ, ಗೋಲು ಬಲಗಾಲಿಗೆ ತೆರೆದುಕೊಂಡಿದೆ, ನಾನು ಬಿಟ್ಟುಬಂದ ಗೆರೆಯ ಮೇಲೆ ನಮ್ಮದೇ ಫುಲ್‌ಬ್ಯಾಕ್ ಓಡಿಬರುತ್ತಿದ್ದಾನೆ. ಆ ವರ್ಷ ನಾನು ಹಿಂದೆಂದೂ ಹೊಡೆಯದಷ್ಟು ಗೋಲು ಹೊಡೆದೆ. ರಜೆಯಲ್ಲಿ ಶಾಲೆಗೆ ಬಂದಾಗ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಹಿತವಾಗಲಿಲ್ಲ. ಕ್ವಾರ್ಟರ್ ಫೈನಲ್‌ನಿಂದ ಮುಂದಕ್ಕೆ ವಿಂಗರ್‌ಗಳೇ ಇಲ್ಲದ ತಂಡದೊಂದಿಗೆ 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತರಬೇತುದಾರ ಆಲ್ಫ್ ರ‍್ಯಾಮ್ಸೆಯನ್ನು ಕೊನೆಯವರೆಗೂ ಕ್ಷಮಿಸದಿದ್ದವರು ಅವರು. "ರೆಕ್ಕೆ ಇರುವುದು ಪಕ್ಕದಲ್ಲಿ, ಎದೆಯಲ್ಲಲ್ಲ" ಎಂದರು. ಗೌರವದಿಂದಲೇ ಹೇಳುತ್ತೇನೆ, ಇಲ್ಲಿ ಅವರು ಸರಿಯಿರಲಿಲ್ಲ. ಒಳಕ್ಕೆ ಬರುವ ವಿಂಗರ್ ಕೂಡ ಮೊದಲು ಗೆರೆಯ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಒಳಕ್ಕೆ ಬರಲು ಜಾಗವೇ ಇರುವುದಿಲ್ಲ. ರಾಬೆನ್ ಎಡಗಾಲಿಗೆ ತಿರುಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಯಾವಾಗ ಎಂಬುದು ಗೊತ್ತಿರಲಿಲ್ಲ. ಅದು ಗ್ಯಾರಿಂಚನ ಪಾಠವೇ ಅಲ್ಲವೇ?

2011ರಲ್ಲಿ ಬಲತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಯಾರೂ ತಾಕಿರಲಿಲ್ಲ. ಓಡುತ್ತಿದ್ದವನಿಗೆ ಹಿಂದಿನಿಂದ ಯಾರೋ ಕಲ್ಲು ಬೀಸಿ ಹೊಡೆದಂತಾಯಿತು. ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಫುಟ್‌ಬಾಲ್‌ನಲ್ಲಿ ಸ್ನಾಯುವಿಗೆ ಆಗುವ ಗಾಯಗಳಲ್ಲಿ ಇದೇ ಅತಿ ಸಾಮಾನ್ಯ. ಚೇತರಿಕೆಯ ದಿನಗಳಲ್ಲಿ ಫಿಸಿಯೋಥೆರಪಿಸ್ಟ್ ಒಂದು ಸಂಗತಿ ಹೇಳಿದರು. ವೇಗದ ಓಟದಲ್ಲಿ ಕಾಲು ಮುಂದಕ್ಕೆ ಬೀಸುತ್ತದಲ್ಲ, ಅದು ನೆಲ ಮುಟ್ಟುವ ಮೊದಲು ಆ ಬೀಸನ್ನು ಹಿಡಿದು ತಡೆಯುವುದು ಈ ಸ್ನಾಯು. ಬಹುಪಾಲು ಹರಿಯುವುದು ಆ ಗಳಿಗೆಯಲ್ಲೇ. "ನಿಮ್ಮ ಕಾಲಿಗೆ ಓಡುವ ಶಕ್ತಿ ಸಾಕಷ್ಟಿದೆ, ತಡೆಯುವ ಶಕ್ತಿ ಬೆಳೆಸಬೇಕು" ಎಂದರು. ಮಂಡಿಯೂರಿ ಕುಳಿತು, ಹಿಂದಿನಿಂದ ಒಬ್ಬರು ಹಿಮ್ಮಡಿಗಳನ್ನು ಒತ್ತಿ ಹಿಡಿದಿರುವಾಗ, ಮೈಯನ್ನು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳಲು ಬಿಡುವ ವ್ಯಾಯಾಮ. ಮೊದಲ ದಿನ ಮೂರು ಬಾರಿ ಮಾಡುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದ ನೀರಷ್ಟೇ ಅದಾಗಿರಲಿಲ್ಲ. ಹದಿನೇಳು ವರ್ಷಗಳ ಹಿಂದೆ ಇದೇ ಮಾತನ್ನು ಹೇಳಿದವರು ನನಗೊಬ್ಬರಿದ್ದರು.

ನಾಲ್ಕು ತಿಂಗಳ ಮೇಲೆ ಮರಳಿದೆ. ಆ ಮೊದಲಿನ ವೇಗ ಮರಳಲಿಲ್ಲ. ವಿಂಗರ್‌ನ ಬದುಕಿನಲ್ಲಿ ಈ ದಿನ ಬಂದೇ ಬರುತ್ತದೆ, ಬಂದಾಗ ಏನು ಮಾಡುತ್ತಾನೆ ಎಂಬುದರ ಮೇಲೆ ಉಳಿದ ವರ್ಷಗಳು ನಿಲ್ಲುತ್ತವೆ. ರಯಾನ್ ಗಿಗ್ಸ್ ಎಡ ಅಂಚಿನಿಂದ ನಡುಮೈದಾನಕ್ಕೆ ಸರಿದು, ಮ್ಯಾಂಚೆಸ್ಟರ್ ಯುನೈಟೆಡ್ ಒಂದಕ್ಕೇ 963 ಪಂದ್ಯ ಆಡಿದ. ಸ್ಪೇನ್‌ನ ಹೆಸೂಸ್ ನವಾಸ್ 2010ರ ವಿಶ್ವಕಪ್ ಗೆದ್ದ ತಂಡದಲ್ಲಿ ವಿಂಗರ್ ಆಗಿದ್ದ, 2024ರಲ್ಲಿ ಯೂರೋ ಕಪ್ ಗೆದ್ದಾಗ 38 ವರ್ಷದ ಬಲ ಫುಲ್‌ಬ್ಯಾಕ್. ನಾನೂ 2013ರಲ್ಲಿ ಫುಲ್‌ಬ್ಯಾಕ್ ಆದೆ. ಹನ್ನೆರಡು ವರ್ಷ ಯಾರನ್ನು ದಾಟಲು ಹೆಣಗಿದ್ದೆನೋ ಅವನ ಜಾಗದಲ್ಲೇ ನಿಂತು ಎರಡು ಋತು ಆಡಿದೆ. ಅಲ್ಲಿಂದ ನೋಡಿದರೆ ಮೈದಾನವೇ ಬೇರೆ. ಓಡಿಬರುವ ಹುಡುಗರ ಬಗ್ಗೆ ನನಗೆ ಭಯವಿರಲಿಲ್ಲ. ಅವರನ್ನು ಗೆರೆಯಾಚೆ ಸಾಗಹಾಕುವುದು ನನಗೂ ಬಂದಿತ್ತು.

ಕೊನೆಯ ಋತುವಿನ ಒಂದು ಪಂದ್ಯ. ಎದುರಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಎಡಗಾಲಿನ ಹುಡುಗ. ಮೊದಲರ್ಧವೆಲ್ಲ ಗೆರೆ ಬಿಟ್ಟು ಕದಲಲಿಲ್ಲ, ಚೆಂಡು ಬಾರದಿದ್ದರೂ ಅಲ್ಲೇ. ದ್ವಿತೀಯಾರ್ಧದಲ್ಲಿ ಚೆಂಡು ಬಂತು. ಓಡಿದ, ನಾನೂ ಪಕ್ಕದಲ್ಲೇ ಓಡಿದೆ. ಇನ್ನೇನು ಭುಜ ತಾಗಿಸಬೇಕು, ಅಷ್ಟರಲ್ಲಿ ನಿಂತುಬಿಟ್ಟ. ನನ್ನ ಎಡಗಾಲು ಗಾಳಿಯಲ್ಲಿತ್ತು. ಅದು ನೆಲ ಮುಟ್ಟುವ ಹೊತ್ತಿಗೆ ಅವನು ನನ್ನ ಬೆನ್ನ ಹಿಂದೆ ಇದ್ದ, ಚೆಂಡು ನಮ್ಮ ಗೋಲಿನ ಮುಂದೆ ಇತ್ತು. ನಾವು ಆ ಪಂದ್ಯ ಸೋತೆವು. ಕೈಕುಲುಕುವಾಗ ನಾನು ಅವನ ಕಾಲು ನೋಡಿದೆ. ಎಡ ಬೂಟಿನ ಹೊರ ಅಂಚು ಪೂರ್ತಿ ಬೆಳ್ಳಗಿತ್ತು.

ಅಂದು ರಾತ್ರಿಯೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಆಗಲೇ ಕೆಲವು ವರ್ಷಗಳಾಗಿದ್ದವು, ದನಿ ಸಣ್ಣದಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅವನು ನಿಂತಾಗ ಚೆಂಡು ಎಲ್ಲಿತ್ತು?"

"ಕಿರುಬೆರಳಿನ ಪಕ್ಕದಲ್ಲೇ ಸರ್, ಗೇಣಿಗಿಂತ ಹತ್ತಿರ."

"ಹಾಗಿದ್ದರೆ ನಿನ್ನ ತಪ್ಪಿಲ್ಲ ಬಿಡು" ಎಂದರು ಮೇಷ್ಟ್ರು.